ಗ್ರಾನೈಟ್: ಕಲ್ಲು ಬೆವರಿದ ಕತೆ

ಪಾಲಿಶ್ ಮಾಡಿದ ಗ್ರಾನೈಟ್ ಚಪ್ಪಡಿಯ ಮೇಲೆ ಬಗ್ಗಿ ನೋಡಿ. ಬಿಳಿ ಇಲ್ಲವೇ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ಗಾಜಿನಂಥ ಬೂದು ಬೆಣಚು, ಅಲ್ಲಲ್ಲಿ ಕಾಗೆಬಂಗಾರದ ಕರಿ ಚುಕ್ಕೆ. ಫೆಲ್ಡ್‌ಸ್ಪಾರ್ ಹರಳುಗಳ ಅಂಚು ಸಾಮಾನ್ಯವಾಗಿ ನೇರ. ಬೆಣಚಿಗೆ ಸ್ವಂತ ಆಕಾರವೇ ಇಲ್ಲ, ಉಳಿದ ಸಂದಿಯಲ್ಲಿ ತೂರಿಕೊಂಡಿದೆ. ಅದು ಕೊನೆಗೆ ಗಟ್ಟಿಯಾದದ್ದು, ಅದಕ್ಕೇ ಹಾಗೆ.

ಇದೆಲ್ಲ ಒಂದು ಕಾಲಕ್ಕೆ ದ್ರವವಾಗಿತ್ತು. ಖಂಡಗಳ ತೊಗಟೆ, ಅಂದರೆ ಭೂಮಿಯ ಹೊರಗಿನ ಗಟ್ಟಿ ಪದರ, ಸಾಮಾನ್ಯವಾಗಿ 35–40 ಕಿಲೋಮೀಟರ್ ದಪ್ಪ. ಅದರ ತಳಕ್ಕೆ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಬಿಸಿಯ ಬಸಾಲ್ಟ್ ಮ್ಯಾಗ್ಮಾ (ಇನ್ನೂ ಆಳದಿಂದ ಬರುವ, ಕರಗಿದ ಕಪ್ಪು ಕಲ್ಲು) ಬಂದು ಸೇರಿದರೆ ಮೇಲಿನ ಕಲ್ಲು ಕಾಯುತ್ತದೆ. ಆದರೆ ಪೂರ್ತಿ ಕರಗುವುದಿಲ್ಲ. ಬೆಣಚು ಒಂದನ್ನೇ ಕರಗಿಸಲು 1,700 ಡಿಗ್ರಿ ಬೇಕು. ಪಕ್ಕದಲ್ಲಿ ಫೆಲ್ಡ್‌ಸ್ಪಾರ್ ಇದ್ದು, ಒತ್ತಡದಲ್ಲಿ ನೀರೂ ಸಿಕ್ಕರೆ, 650–700 ಡಿಗ್ರಿಗೇ ಎರಡೂ ಕೂಡಿ ಕರಗತೊಡಗುತ್ತವೆ. ಆಳದಲ್ಲಿ ನೀರು ಎಲ್ಲಿಂದ ಅಂತೀರಾ? ಕಾಗೆಬಂಗಾರದ ಹರಳಿನೊಳಗೇ ನೀರು ಅಡಗಿರುತ್ತದೆ. ಕಾವು ಇನ್ನಷ್ಟು ಏರಿದಾಗ ಆ ಹರಳು ಒಡೆದು ನೀರನ್ನು ಬಿಟ್ಟುಕೊಡುತ್ತದೆ. ಹರಳುಗಳು ಒಂದಕ್ಕೊಂದು ತಾಗುವ ಕಡೆ ದ್ರವ ಬೆವರಿನ ಹಾಗೆ ಒಸರುತ್ತದೆ.

ಈ ದ್ರವ ಸುತ್ತಲಿನ ಕಲ್ಲಿಗಿಂತ ಹಗುರ, ಮೇಲೇರಲು ನೋಡುತ್ತದೆ. ಇಲ್ಲೊಂದು ತೊಡಕಿದೆ, ನನಗೆ ತುಂಬಾ ಇಷ್ಟವಾದದ್ದು. ಮೇಲೇರಿದಂತೆ ಒತ್ತಡ ಇಳಿದು ನೀರು ಬಿಟ್ಟುಹೋಗುತ್ತದೆ. ನೀರು ಹೋದರೆ ಅಷ್ಟೇ ಬಿಸಿಯಲ್ಲೂ ದ್ರವ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ನೀರು ತುಂಬಿದ, ಕಡಿಮೆ ಬಿಸಿಯ ದ್ರವ ಹುಟ್ಟಿದ ಜಾಗದಿಂದ ಜಾಸ್ತಿ ದೂರ ಹೋಗಲಾರದು. ಬಿಸಿ ಹೆಚ್ಚಿದ್ದು ನೀರು ಕಡಿಮೆಯಿರುವುದೇ ಮೇಲಿನವರೆಗೂ ಬರುವುದು.

ಬರುವುದು ಹೇಗೆ? ದೊಡ್ಡ ಬಲೂನಿನ ಹಾಗೆ ತೊಗಟೆಯನ್ನು ತಳ್ಳಿಕೊಂಡು ಬರುತ್ತದೆ ಅಂತ ಬಹುಕಾಲ ಅಂದುಕೊಂಡಿದ್ದರು. ಆದರೆ ಅಷ್ಟು ನಿಧಾನಕ್ಕೆ ಬಂದರೆ ಮೇಲಿನ ತಣ್ಣನೆಯ ಕಲ್ಲಿನಲ್ಲಿ ಅರ್ಧ ದಾರಿಗೇ ಹೆಪ್ಪುಗಟ್ಟುತ್ತದೆ, ಅಲ್ವಾ? 1990ರ ದಶಕದಲ್ಲಿ ಲೆಕ್ಕ ಹಾಕಿ ನೋಡಿದಾಗ ಬಿರುಕುಗಳ ದಾರಿಯೇ ಹೆಚ್ಚು ಸರಿ ಎನಿಸಿತು. ಈ ದ್ರವ ಜೇನಿಗಿಂತ ಸಾವಿರಾರು ಪಟ್ಟು ಮಂದ. ಆದರೂ ಕೆಲವೇ ಮೀಟರ್ ಅಗಲದ ಬಿರುಕು ಸಿಕ್ಕರೆ ಹತ್ತಾರು ಕಿಲೋಮೀಟರ್ ಏರಲು ಕೆಲವು ತಿಂಗಳು ಸಾಕು.

ಏರಿದ್ದು ಹೀಗೆ ಬೇಗ, ಆದರೆ ರಾಶಿ ಬೆಳೆದದ್ದು ಬಲು ನಿಧಾನ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಟುವಾಲಮಿ ಕಲ್ಲುರಾಶಿಯಲ್ಲಿ, ದ್ರವ ಗಟ್ಟಿಯಾಗುವಾಗ ಮೂಡುವ ಜಿರ್ಕಾನ್ ಎಂಬ ಪುಟ್ಟ ಹರಳುಗಳ ವಯಸ್ಸನ್ನು ಅಳೆದಾಗ ಸುಮಾರು 9.5 ಕೋಟಿಯಿಂದ 8.5 ಕೋಟಿ ವರ್ಷ ಬಂತು. ನಡುವೆ ಒಂದು ಕೋಟಿ ವರ್ಷದ ಅಂತರ! ಒಂದೇ ಸಲ ತುಂಬಿದ ಮಡು ಅಷ್ಟು ಕಾಲ ದ್ರವವಾಗಿ ಉಳಿಯದು. ಕಂತು ಕಂತಾಗಿ ಬಂದಿರಬೇಕು, ಹಳೆಯದು ಗಟ್ಟಿಯಾದ ಮೇಲೆ ಅದರ ಪಕ್ಕಕ್ಕೇ ಹೊಸದು. ಆ ಕಂತುಗಳ ನಡುವಿನ ಗೆರೆ ಎಷ್ಟೋ ಕಡೆ ಬರಿಗಣ್ಣಿಗೆ ಕಾಣುವುದೇ ಇಲ್ಲ.