ಕಂಪ್ಯೂಟರ್ ಬದಲಿಸುವ ಮುಂಚೆ ಅರ್ಥ್ ವೈರ್ ನೋಡಿ

ಜುಲೈ ತಿಂಗಳ ಮಳೆ. ನಾಪೋಕ್ಲು ಕಡೆಯ ತೋಟದ ಪಿಕಪ್ ಒಂದನ್ನು ಜೀಪಿಗೆ ಕಟ್ಟಿ ಮಡಿಕೇರಿಗೆ ಎಳೆದು ತಂದರು. ಡ್ರೈವರ್ ಇಳಿದವನೇ, "ಅಣ್ಣಾ, ಕಂಪ್ಯೂಟರ್ ಹೋಗಿದೆಯಂತೆ, ಹೊಸದು ಹಾಕ್ಬೇಕಂತೆ" ಅಂದ. ಬೇರೆ ಕಡೆ ಸ್ಕ್ಯಾನರ್ ಹಾಕಿ ನೋಡಿದ್ದರಂತೆ. ಐದಾರು ಸೆನ್ಸರ್‌ಗಳ ಎರರ್ ಒಟ್ಟಿಗೆ ಬಂದಿತ್ತು. ಇಷ್ಟು ಸೆನ್ಸರ್ ಒಂದೇ ದಿನ ಕೆಡುವುದಿಲ್ಲ, ಹಾಗಾಗಿ ಕಂಪ್ಯೂಟರೇ ಹೋಗಿರಬೇಕು ಅಂತ ಅವರ ಲೆಕ್ಕ.

ಆ ಲೆಕ್ಕದಲ್ಲಿ ಅರ್ಧ ಸರಿ ಇತ್ತು. ಅಷ್ಟು ಸೆನ್ಸರ್ ಒಟ್ಟಿಗೆ ಕೆಡುವುದಿಲ್ಲ ಅನ್ನುವುದು ನಿಜ. ಆದರೆ ಅವೆಲ್ಲಕ್ಕೂ ಕರೆಂಟ್ ಬರುವ ದಾರಿ ಒಂದೇ ಇರಬಹುದಲ್ವಾ? ಇಸಿಯು ಅಂದರೆ ಇಂಜಿನ್ ಕಂಪ್ಯೂಟರ್, ಬ್ಯಾಟರಿಯ 12 ವೋಲ್ಟ್ ತಗೊಂಡು ಅದನ್ನು 5 ವೋಲ್ಟ್ ಮಾಡಿ ಆಕ್ಸಿಲರೇಟರ್ ಪೆಡಲ್, ರೈಲ್ ಪ್ರೆಶರ್, ಟರ್ಬೊ ಪ್ರೆಶರ್ ಇಂಥ ಸೆನ್ಸರ್‌ಗಳಿಗೆ ಹಂಚುತ್ತದೆ. ಈ 5 ವೋಲ್ಟ್ ಲೈನ್ ಎಲ್ಲೋ ಒಂದು ಕಡೆ ಗಾಡಿ ಬಾಡಿಯ ಲೋಹಕ್ಕೆ ತಾಗಿದರೆ ಸಾಕು, ಆ ಲೈನಿನಲ್ಲಿರುವ ಎಲ್ಲ ಸೆನ್ಸರ್ ಸತ್ತ ಹಾಗೆ ಕಾಣುತ್ತವೆ. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ.

ಆ ಗಾಡಿಯಲ್ಲಿ 5 ವೋಲ್ಟ್ ಬರಬೇಕಾದ ಕಡೆ ಮೀಟರ್ 0.7 ತೋರಿಸಿತು. ಸೆನ್ಸರ್ ಕಪ್ಲರ್‌ಗಳನ್ನು, ಅಂದರೆ ವೈರ್ ಜೋಡಿಸುವ ಪ್ಲಗ್‌ಗಳನ್ನು, ಒಂದೊಂದಾಗಿ ಬಿಚ್ಚುತ್ತಾ ಹೋದೆ. ಒಳಗೇ ಶಾರ್ಟ್ ಆದ ಸೆನ್ಸರ್ ಇದ್ದರೆ, ಅದನ್ನು ಬಿಚ್ಚಿದ ತಕ್ಷಣ 5 ವೋಲ್ಟ್ ವಾಪಸ್ ಬರುತ್ತದೆ. ಎಲ್ಲ ಬಿಚ್ಚಿದರೂ 0.7 ಹಾಗೇ ಇತ್ತು. ಅಂದರೆ ತೊಂದರೆ ವೈರಿಂಗ್‌ನಲ್ಲಿ, ಇಲ್ಲಾ ಇಸಿಯು ಒಳಗೆ. ಮೊದಲು ವೈರಿಂಗ್ ನೋಡಿದೆ. ಟಾರ್ಚ್ ಹಿಡಿದು ಇಂಜಿನ್ ಹಿಂದೆ ಕೈ ಹಾಕಿದರೆ ಒಣಹುಲ್ಲು ಸಿಕ್ಕಿತು, ಅದರ ಜೊತೆ ಕಚ್ಚಿದ ವೈರ್. ಶೆಡ್‌ನಲ್ಲಿ ಭತ್ತದ ಚೀಲದ ಪಕ್ಕ ನಿಲ್ಲಿಸುವ ಗಾಡಿ. ಹೊರಗೆ ಮಳೆ, ಬಾನೆಟ್ ಒಳಗೆ ಬೆಚ್ಚಗೆ, ಇಲಿ ಮತ್ತೆಲ್ಲಿಗೆ ಹೋಗುತ್ತದೆ? ಎರಡು ಇಂಚು ವೈರ್ ಸೇರಿಸಿ ಸೋಲ್ಡರ್ ಮಾಡಿ, ಸ್ಲೀವ್ ಹಾಕಿ ಟೇಪ್ ಸುತ್ತಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು.

ಹೊಸ ಇಸಿಯು ಅಂದರೆ ಐದಂಕಿಯ ಬಿಲ್. ಮಳೆಗಾಲದಲ್ಲಿ ಕೈಯಲ್ಲಿ ಕಾಫಿ ದುಡ್ಡೂ ಇರುವುದಿಲ್ಲ. ಅದಕ್ಕೇ ನಾನು ಕಂಪ್ಯೂಟರ್ ಮೇಲೆ ತಪ್ಪು ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಮೊದಲು ಬ್ಯಾಟರಿ ನೋಡುತ್ತೇನೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಇಸಿಯು ಸರಿಯಾಗಿ ಕೆಲಸ ಮಾಡುವ ಭರವಸೆ ಇಲ್ಲ. ಆಮೇಲೆ ಇಸಿಯು ಫ್ಯೂಸ್, ಇಸಿಯುಗೆ ಕರೆಂಟ್ ಬಿಡುವ ಮೇನ್ ರಿಲೇ. ಆಮೇಲೆ ಅರ್ಥ್. ನಮ್ಮ ಊರಿನ ಗಾಡಿಗಳಿಗೆ ಜಾಸ್ತಿ ಕಾಟ ಕೊಡುವುದು ಇದೇ, ವರ್ಷದಲ್ಲಿ ನಾಲ್ಕು ತಿಂಗಳು ನೆನೆಯುವ ಗಾಡಿಯಲ್ಲಿ ಚಾಸಿಗೆ ಬೋಲ್ಟ್ ಹಾಕಿದ ಅರ್ಥ್ ಕಣ್ಣು (ವೈರ್ ತುದಿಯ ಉಂಗುರ) ಒಳಗಿಂದ ತುಕ್ಕು ಹಿಡಿದಿರುತ್ತದೆ, ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ.

ಇಲ್ಲಿ ಮೀಟರ್‌ನ ಬೀಪ್ ಶಬ್ದ ನಂಬಬೇಡಿ. ಇಪ್ಪತ್ತು ಎಳೆಯ ವೈರ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಆ ಒಂದು ಎಳೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಲೋಡ್ ಹೊರುವುದಿಲ್ಲ. ಮೀಟರನ್ನು ವೋಲ್ಟ್‌ಗೆ ಇಡಿ, ಕಪ್ಪು ವೈರ್ ಬ್ಯಾಟರಿಯ ಮೈನಸ್‌ಗೆ, ಕೆಂಪು ವೈರ್ ಇಸಿಯು ಕಪ್ಲರ್‌ನ ಅರ್ಥ್ ಪಿನ್‌ಗೆ ಹಿಂದಿನಿಂದ ತಾಗಿಸಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.1 ವೋಲ್ಟ್ ಒಳಗಿದ್ದರೆ ಅರ್ಥ್ ಸರಿ ಇದೆ. ಅರ್ಧ ವೋಲ್ಟ್ ಬಂತು ಅಂದರೆ ಅರ್ಥ್ ಕೆಟ್ಟಿದೆ, ಕಣ್ಣು ಬಿಚ್ಚಿ ಉಜ್ಜಿ ಗ್ರೀಸ್ ಹಾಕಿ ಮತ್ತೆ ಕಟ್ಟಿ.

ಸ್ಕ್ಯಾನರ್ ಇಸಿಯು ಜೊತೆ ಮಾತಾಡದೇ ಇದ್ದರೂ ಇಸಿಯು ಸತ್ತಿದೆ ಅಂತ ಅರ್ಥ ಅಲ್ಲ. ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಜೋಡಿ ವೈರ್, ಇರುವ ಗಾಡಿಯಾದರೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ಮಧ್ಯೆ ಓಮ್ ನೋಡಿ. ಸುಮಾರು 60 ಬರಬೇಕು. 120 ಬಂದರೆ ಲೈನ್ ಎಲ್ಲೋ ತುಂಡಾಗಿರಬಹುದು.

ನಿಜವಾಗಿ ಕೆಟ್ಟ ಇಸಿಯು ಹೇಗಿರುತ್ತದೆ? ಕರೆಂಟ್, ಅರ್ಥ್ ಎರಡೂ ಸರಿ ಇದ್ದು, 5 ವೋಲ್ಟ್ ಪಿನ್‌ನ ವೈರ್ ಕಪ್ಲರ್‌ನಿಂದ ಬಿಡಿಸಿದರೂ 5 ವೋಲ್ಟ್ ಬರುವುದಿಲ್ಲ. ಇಲ್ಲಾ ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತದೆ, ಇಂಜೆಕ್ಟರ್ ಅದಲು ಬದಲು ಮಾಡಿದರೂ, ವೈರ್, ಸಿಲಿಂಡರ್ ಕಂಪ್ರೆಶನ್ ಎರಡೂ ಸರಿ ಇದ್ದರೂ ಅದೇ ಸಿಲಿಂಡರ್. ಗಾಡಿ ಬಿಸಿಯಾದಾಗ ಬಂದ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಇಸಿಯು ಒಳಗಿನ ಸೋಲ್ಡರ್ ಬಿರುಕು ಬಿಟ್ಟಿರಬಹುದು, ಆದರೆ ಇಂಜಿನ್ ತಿರುಗುವುದನ್ನು ನೋಡುವ ಕ್ರ್ಯಾಂಕ್ ಸೆನ್ಸರ್ ಕೂಡ ಇದೇ ಆಟ ಆಡುತ್ತದೆ, ಅದನ್ನು ಮೊದಲು ಬದಲಿಸಿ ನೋಡಿ. ಒಂದು ಎಚ್ಚರಿಕೆ. ಇಂಜಿನ್ ಓಡುವಾಗ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ) ಗಾಡಿಯ ಇಂಜೆಕ್ಟರ್ ವೈರ್ ಮುಟ್ಟಬೇಡಿ, ಟೆಸ್ಟ್ ಲ್ಯಾಂಪ್ ಕೂಡ ಹಾಕಬೇಡಿ. ಅಲ್ಲಿ 12 ವೋಲ್ಟ್ ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ.

ಇಸಿಯುವೇ ಸತ್ತಿದೆ ಅಂತ ಗಟ್ಟಿಯಾದ ಮೇಲೂ ಹೊಸದು ತರಿಸಲು ಅವಸರ ಮಾಡಬೇಡಿ. ಅದು ಯಾಕೆ ಸತ್ತಿತು? ಸುಂಟಿಕೊಪ್ಪದ ಒಂದು ಪಿಕಪ್‌ನ ಇಸಿಯು ಕ್ಯಾಬಿನ್ ಒಳಗೆ, ಡ್ಯಾಶ್‌ಬೋರ್ಡ್ ಕೆಳಗಿತ್ತು. ಕಪ್ಲರ್ ಬಿಚ್ಚಿದೆ, ನೀರು ಹನಿಯಿತು. ಎರಡು ಪಿನ್ ಹಸಿರು ಕಿಲುಬು ಹಿಡಿದು ಅರ್ಧಕ್ಕೆ ಸವೆದಿದ್ದವು. ಕ್ಯಾಬಿನ್ ಒಳಗೆ ನೀರು ಎಲ್ಲಿಂದ ಬಂತು? ಮಂಜಿಗೆ ಅಂತ ಫಾಗ್ ಲ್ಯಾಂಪ್ ಹಾಕಿಸಿದ್ದರು. ಹಾಕಿದವರು ಮೇನ್ ವೈರಿಂಗ್ ಹೋಗುವ ತೂತಿನ ರಬ್ಬರ್ ಸೀಳಿ, ಲ್ಯಾಂಪಿನ ವೈರ್ ಅದರಲ್ಲೇ ತೂರಿಸಿದ್ದರು. ಮಳೆ ನೀರು ಆ ವೈರ್ ಹಿಡಿದು ನಿಧಾನವಾಗಿ ಇಸಿಯು ತನಕ ಇಳಿದಿದೆ. ಹೊಸ ರಬ್ಬರ್ ಹಾಕಿದೆ. ಒಳಗಿನ ವೈರಿಂಗ್ ಸ್ವಲ್ಪ ಕೆಳಗೆ ಬಳುಕಿ ಆಮೇಲೆ ಮೇಲಕ್ಕೆ ಹೋಗಿ ಇಸಿಯುಗೆ ಸೇರುವ ಹಾಗೆ ಕಟ್ಟಿದೆ, ನೀರು ಬಂದರೂ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಆಮೇಲೆಯೇ ಹೊಸದು ಕೂರಿಸಿದ್ದು. ಹಾಗೇ ಹಾಕಿದ್ದರೆ ಮುಂದಿನ ಕಕ್ಕಡಕ್ಕೆ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಿಗೆ, ಅದೂ ಹೋಗುತ್ತಿತ್ತು.

ವೆಲ್ಡಿಂಗ್ ಕೂಡ ಇಸಿಯು ಕೊಲ್ಲುತ್ತದೆ. ಕ್ಯಾರಿಯರ್ ಬೆಸೆಯುವಾಗ ಬ್ಯಾಟರಿ ಟರ್ಮಿನಲ್ ಮತ್ತು ಇಸಿಯು ಕಪ್ಲರ್ ಬಿಚ್ಚಿಸಿ, ವೆಲ್ಡಿಂಗ್ ಅರ್ಥ್ ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ.

ಇನ್ನು ಕೋಡಿಂಗ್. ನಟ್ಟು ಬಿಚ್ಚಿ ಬೇರೆ ಹಾಕಿದ ತಕ್ಷಣ ಗಾಡಿ ಓಡುವ ಕಾಲ ಹೋಯಿತು. ಕೀಲಿಯೊಳಗಿನ ಚಿಪ್ಪನ್ನು ಹೊಸ ಇಸಿಯುಗೆ ಪರಿಚಯ ಮಾಡಿಸದಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಸ್ಟಾರ್ಟ್ ಆಗಲು ಬಿಡುವುದಿಲ್ಲ. ಕಾಮನ್ ರೈಲ್ ಗಾಡಿಗಳಲ್ಲಿ ಪ್ರತಿ ಇಂಜೆಕ್ಟರ್‌ನ ತಲೆ ಮೇಲೆ ಸಾಮಾನ್ಯವಾಗಿ ಒಂದು ಕೋಡ್ ಇರುತ್ತದೆ, ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಹೊಗೆ ಮತ್ತು ನಡುಕ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ನಿಯಮದ) ಡೀಸೆಲ್ ಗಾಡಿಯಾದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್‌ನ ಲೆಕ್ಕ ಕೂಡ ಹಳೆಯದರಿಂದ ಹೊಸದಕ್ಕೆ ಹೋಗಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಾಡಿಯ ಮಾಡೆಲ್ ಒಂದೇ ಅಂತ ಸುಮ್ನೆ ತಗೋಬೇಡಿ. ಲೇಬಲ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಂಕಿವರೆಗೂ ಹೊಂದಬೇಕು, ಒಳಗಿನ ಡೇಟಾ ಕಾಪಿ ಮಾಡಿಕೊಡುವವರು ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ.

ಪ್ರೋಗ್ರಾಮ್ ಬರೆಯುವಾಗ ವೋಲ್ಟೇಜ್ ಬಿದ್ದರೆ ಹೊಸ ಇಸಿಯು ಅಲ್ಲೇ ನಿಂತುಹೋಗಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಹಾಗಾಗಿ ಬರೀ ಚಾರ್ಜರ್ ನಂಬದೆ ತುಂಬಿದ ಇನ್ನೊಂದು ಬ್ಯಾಟರಿಯನ್ನು ಪ್ಯಾರಲಲ್ ಆಗಿ ಕೊಡುತ್ತೇನೆ. ಲ್ಯಾಪ್‌ಟಾಪ್ ಕೂಡ ಪೂರ್ತಿ ಚಾರ್ಜ್ ಇರಬೇಕು. ಎಸಿ, ಲೈಟು, ಫ್ಯಾನು ಎಲ್ಲ ಬಂದ್.

ಬಿಚ್ಚಿದ ಹಳೆಯ ಇಸಿಯು ನಿಮ್ಮದು, ಕೇಳಿ ಮನೆಗೆ ತಗೊಂಡು ಹೋಗಿ, ಗುಜರಿಗೆ ಹಾಕಬೇಡಿ. ಸ್ಟಾರ್ಟ್ ಮಾಡಲಾಗದ ಇಸಿಯುವಿನಿಂದಲೂ ಕೀಲಿಯ ಡೇಟಾ, ಇಂಜೆಕ್ಟರ್ ಕೋಡ್ ಓದಿ ತೆಗೆಯಲು ಎಷ್ಟೋ ಸಲ ಆಗುತ್ತದೆ.