ಫೋಟೋಗ್ರಫಿ ಕಲಿಯಲು ರೀಲ್ ಕ್ಯಾಮೆರಾನೇ ಬೇಕಾ?

"ಸರ್, ರೀಲ್ ಕ್ಯಾಮೆರಾದಲ್ಲಿ ಕಲಿತ್ರೆ ಕೈ ಪಳಗುತ್ತಂತೆ, ಹೌದಾ?" ಕೊಪ್ಪಳದ ನನ್ನ ಸ್ಟುಡಿಯೊಗೆ ಕಲಿಯಲು ಬರುವ ಹುಡುಗರು ಇತ್ತೀಚೆಗೆ ಇದನ್ನೇ ಜಾಸ್ತಿ ಕೇಳುತ್ತಾರೆ. ಅಟ್ಟದ ಮೇಲಿದ್ದ ಅಪ್ಪನ ಹಳೇ ಕ್ಯಾಮೆರಾ ಒರೆಸಿಕೊಂಡು ತಂದವರೂ ಇದ್ದಾರೆ. ನಾನು ರೀಲಿನ ಕಾಲದಿಂದ ಮದುವೆ ಫೋಟೋ ತೆಗೆದವನು. ಆದರೂ ಹೇಳುತ್ತೇನೆ, ಮೊದಲು ಡಿಜಿಟಲ್‌ನಲ್ಲೇ ಕಲಿಯಿರಿ.

ದುಡ್ಡಿನ ಮಾತು ಇದ್ದೇ ಇದೆ. 36 ಫೋಟೋಗಳ ಒಂದು ಕಲರ್ ರೋಲ್, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿದರೆ ಸಾವಿರ ರೂಪಾಯಿ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾಯುವುದು. ಫೋಟೋ ಕೈಗೆ ಬರುವಷ್ಟರಲ್ಲಿ ಯಾವುದಕ್ಕೆ ಎಷ್ಟು ಶಟರ್ (ಬೆಳಕು ಒಳಬರುವ ಸಮಯ), ಎಷ್ಟು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಇಟ್ಟಿದ್ದೆ ಅನ್ನೋದೇ ಮರೆತಿರುತ್ತದೆ. ತಪ್ಪು ಕಾಣುತ್ತದೆ, ಅದು ಯಾಕಾಯಿತು ಅನ್ನೋದು ಗೊತ್ತಾಗಲ್ಲ. ಡಿಜಿಟಲ್ ಕ್ಯಾಮೆರಾ ಈ ಲೆಕ್ಕವನ್ನೆಲ್ಲ ಪ್ರತಿ ಫೋಟೋದ ಜೊತೆಗೇ ಬರೆದಿಡುತ್ತದೆ. ತೆರೆದು ನೋಡುವವರು ಮಾತ್ರ ಕಡಿಮೆ.

ಇನ್ನೊಂದು ವಿಷಯ ಇದೆ, ಅದನ್ನು ನಮ್ಮ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದಲ್ಲಿ ನಿಂತು ತೋರಿಸುವುದೇ ಸುಲಭ. ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಮಧ್ಯಾಹ್ನ ಕಂಬಗಳ ಮಂಟಪದೊಳಗೆ ನಿಂತು ಹೊರಗಡೆ ನೋಡಿ. ಎದುರಿಗೆ ನೆರಳಲ್ಲಿರುವ ಕಪ್ಪು ಕಂಬ, ಅದರ ಹಿಂದೆ ಸುಡುವ ಆಕಾಶ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಕಲ್ಲು ಯಾವುದು, ಆಕಾಶ ಯಾವುದು ಗೊತ್ತಿಲ್ಲ. ಅಳೆದದ್ದನ್ನೆಲ್ಲ ಮಧ್ಯಮ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಕಂಬಕ್ಕೆ ಅಳೆದರೆ ಬೆಳಕು ಏರಿಸುತ್ತದೆ. ಕೆತ್ತನೆ ಚೆನ್ನಾಗಿ ಬರುತ್ತದೆ, ಆಕಾಶ ಪೂರಾ ಬಿಳಿ.

ಡಿಜಿಟಲ್‌ನಲ್ಲಿ ಹಾಗೆ ಪೂರಾ ಬಿಳಿಯಾದ ಜಾಗದಲ್ಲಿ ಆಮೇಲೆ ಹುಡುಕಿದರೂ ಏನೂ ಸಿಗುವುದಿಲ್ಲ. ರೀಲಿನ ಕಲರ್ ನೆಗೆಟಿವ್ ಇದಕ್ಕೆ ಉಲ್ಟಾ. ಬೆಳಕು ಸ್ವಲ್ಪ ಜಾಸ್ತಿಯಾದರೂ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ನೆರಳೆಲ್ಲ ಮಸಿ. ಅದಕ್ಕೇ ಹಳೇ ಉಸ್ತಾದರು "ಒಂದ್ ಸ್ಟಾಪ್ ಜಾಸ್ತಿ ಕೊಡು" ಅನ್ನುತ್ತಿದ್ದರು, ಅಂದರೆ ಬೆಳಕು ಎರಡು ಪಟ್ಟು. ಆ ಮಾತನ್ನು ಇವತ್ತಿನ ಕ್ಯಾಮೆರಾಕ್ಕೆ ಹಚ್ಚಿದರೆ ಮದುಮಗನ ಬಿಳಿ ಪಂಚೆಯ ನೆರಿಗೆಗಳೇ ಮಾಯ! ರೀಲಿನಲ್ಲಿ ನೆರಳು ನೋಡಿ ಅಳೆಯಬೇಕು, ಡಿಜಿಟಲ್‌ನಲ್ಲಿ ಬಿಳುಪು ನೋಡಿ.

ಹಾಗಂತ ರೀಲಿನಿಂದ ಕಲಿಯುವುದು ಏನೂ ಇಲ್ಲ ಅಂತಲ್ಲ. ರೋಲ್ ಹಾಕಿದ ಮೇಲೆ ಅದು ಮುಗಿಯುವವರೆಗೆ ಐಎಸ್‌ಒ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಮಟ್ಟ, ಒಂದೇ. ಇದನ್ನು ಡಿಜಿಟಲ್‌ನಲ್ಲೂ ಮಾಡಬಹುದು. ಐಎಸ್‌ಒ 100ಕ್ಕೆ ಕೂರಿಸಿ, ಶಟರ್, ಅಪರ್ಚರ್ ಎರಡನ್ನೂ ನಾವೇ ಇಡುವ ಮ್ಯಾನುವಲ್ ಮೋಡ್‌ಗೆ ಹೋಗಿ. ನಮ್ಮ ಕಡೆಯ ನೆತ್ತಿ ಬಿಸಿಲಿಗೆ ಅಪರ್ಚರ್ ಎಫ್ 16, ಶಟರ್ 1/125 ಸೆಕೆಂಡ್ ಇಟ್ಟು ತೆಗೆಯಿರಿ. ಆಮೇಲೆ ಹಿಸ್ಟೋಗ್ರಾಂ ನೋಡಿ. ಫೋಟೋದಲ್ಲಿ ಕಪ್ಪು ಎಷ್ಟು (ಎಡಗಡೆ), ಬಿಳುಪು ಎಷ್ಟು (ಬಲಗಡೆ) ಅಂತ ಸ್ಕ್ರೀನಿನಲ್ಲಿ ತೋರಿಸುವ ನಕ್ಷೆ ಅದು. ಗುಡ್ಡೆ ಬಲಗಡೆ ಅಂಚಿಗೆ ಅಂಟಿಕೊಂಡಿದ್ದರೆ ಬೆಳಕು ಇಳಿಸಿ, ಮತ್ತೆ ತೆಗೆಯಿರಿ. ಸ್ಕ್ರೀನಿಗೆ ಟೇಪ್ ಅಂಟಿಸಿ ಕಲಿಯಿರಿ ಎಂದು ಕೆಲವರು ಹೇಳುತ್ತಾರೆ. ನನಗಂತೂ ಅದರಲ್ಲಿ ಅರ್ಥ ಕಾಣುವುದಿಲ್ಲ. ತಪ್ಪು ತಕ್ಷಣ ಕಾಣುವುದೇ ಡಿಜಿಟಲ್‌ನ ಲಾಭ, ಅದನ್ನೇ ಮುಚ್ಚಿಬಿಟ್ಟರೆ ಹೇಗೆ?

ಇಷ್ಟೆಲ್ಲ ರೂಢಿಯಾದ ಮೇಲೆ ಅಪ್ಪನ ಕ್ಯಾಮೆರಾಕ್ಕೆ ಐಎಸ್‌ಒ 400ರ ಕಪ್ಪು ಬಿಳುಪು ರೋಲ್ ಹಾಕಿ. ಅದನ್ನು ಮನೆಯಲ್ಲೇ ತೊಳೆಯಬಹುದು. ಒಂದೇ ತಾಪತ್ರಯ ಅಂದರೆ ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ಗೆ ಸಾಮಾನ್ಯವಾಗಿ ಹೇಳುವ ಶಾಖ 20 ಡಿಗ್ರಿ, ನಮ್ಮ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಏಪ್ರಿಲ್‌ನಲ್ಲಿ ಕೈ ಇಡಲಾಗದಷ್ಟು ಬಿಸಿ. ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇಟ್ಟು ತಣಿಸಿಕೊಳ್ಳಿ, ಇಲ್ಲವೇ ದೀಪಾವಳಿ ಕಳೆದ ಮೇಲೆ ಶುರು ಮಾಡಿ.