ತರಕಾರಿ ಬಜ್ಜಿ ಎಣ್ಣೆ ಕುಡಿಯದೆ, ಮೆತ್ತಗಾಗದೆ ಇರಬೇಕಾದರೆ?

ಪ್ರಶ್ನೆ: ಮುಂದಿನ ಭಾನುವಾರ ಮಗನ ಹುಟ್ಟುಹಬ್ಬ. ಸಂಜೆ ಸುಮಾರು 30 ಜನ ಬರ್ತಾರೆ. ಊಟಕ್ಕೆ ಮುಂಚೆ ಕೈಯಲ್ಲಿ ಹಿಡಿದು ತಿನ್ನೋಕೆ ಬಿಸಿಯಾಗಿ ಏನಾದರೂ ಕೊಡಬೇಕು. ಅತ್ತೆಗೆ ಶುಗರ್, ಮಾವನಿಗೆ ಬಿಪಿ, ಹಾಗಾಗಿ ಮಿರ್ಚಿ ಬೇಡ ಅಂತಾಗಿದೆ. ತರಕಾರಿ ಜಾಸ್ತಿ ಹಾಕಿ ಬಜ್ಜಿ ಥರ ಮಾಡೋಣ ಅಂದ್ರೆ ಅದು ಎಣ್ಣೆ ಕುಡಿಯುತ್ತೆ, ಅರ್ಧ ಗಂಟೆಗೆಲ್ಲ ಮೆತ್ತಗಾಗುತ್ತೆ. ಆರೋಗ್ಯಕ್ಕೂ ಸರಿಹೋಗಬೇಕು, ಮೊದಲೇ ಮಾಡಿಡೋಕೂ ಆಗಬೇಕು. ದಾರಿ ಇದೆಯಾ?
– ವಿದ್ಯಾನಗರದ ಓದುಗರು, ದಾವಣಗೆರೆ

ಉತ್ತರ: ಇದೆ. ಆದರೆ ಎಣ್ಣೆಯನ್ನು ಬೈಯುವ ಮೊದಲು ತರಕಾರಿಯ ನೀರನ್ನು ನೋಡಿ. ನೀವು ಹೇಳಿದ ಎರಡೂ ತೊಂದರೆ ಅಲ್ಲಿಂದಲೇ ಶುರುವಾಗುವುದು.

ಸೋರೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಎಲೆಕೋಸಿನಲ್ಲಿ 92ರ ಹತ್ತಿರ. ಗಟ್ಟಿ ಅನ್ನಿಸುವ ಕ್ಯಾರೆಟ್‌ನಲ್ಲೂ 88ರಷ್ಟು ಇರುತ್ತದೆ. ಇವನ್ನು ತುರಿದು ಹಾಗೇ ಕಡ್ಲೆಹಿಟ್ಟಿಗೆ ಹಾಕಿ ಉಪ್ಪು ಬೆರೆಸಿದರೆ ಹತ್ತೇ ನಿಮಿಷಕ್ಕೆ ಹಿಟ್ಟು ತೆಳ್ಳಗಾಗುತ್ತದೆ. ಉಪ್ಪು ಬಿದ್ದ ತರಕಾರಿ ನೀರು ಬಿಡುತ್ತದೆ, ಅದು ಅದರ ಗುಣ. ತೆಳ್ಳಗಾಯಿತು ಅಂತ ನಾವು ಇನ್ನೊಂದು ಹಿಡಿ ಹಿಟ್ಟು ಸುರಿಯುತ್ತೇವೆ. ಮತ್ತೆ ತೆಳ್ಳಗಾಗುತ್ತದೆ, ಮತ್ತೆ ಸುರಿಯುತ್ತೇವೆ. ಕೊನೆಗೆ ತರಕಾರಿ ಬಜ್ಜಿ ಹೋಗಿ, ಅಲ್ಲಲ್ಲಿ ತರಕಾರಿ ಕಾಣುವ ಹಿಟ್ಟಿನ ಬಜ್ಜಿ ಆಗಿರುತ್ತದೆ.

ಕರಿಯುವಾಗ ಆಗುವುದು ಇನ್ನೊಂದು ಕಥೆ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಬಜ್ಜಿಯ ಸುತ್ತ ಚುರ್ ಅಂತ ಏಳುವ ಗುಳ್ಳೆ ಅದೇ. ಆವಿ ಹೀಗೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಡಿಮೆ. ಬಾಣಲೆಯಿಂದ ತೆಗೆದ ಮೇಲೆ ಆವಿ ತಣ್ಣಗಾಗಿ ಕುಗ್ಗುತ್ತದೆ. ಆಗ ಮೇಲೆ ಅಂಟಿದ್ದ ಎಣ್ಣೆಯನ್ನು ಆ ಖಾಲಿ ಜಾಗ ಒಳಗೆ ಎಳೆದುಕೊಳ್ಳುತ್ತದೆ. ಬಜ್ಜಿ ಕುಡಿಯುವ ಎಣ್ಣೆಯಲ್ಲಿ ದೊಡ್ಡ ಪಾಲು ಹೀಗೆ ತಟ್ಟೆಯಲ್ಲಿ ಆರುವಾಗಲೇ ಒಳಗೆ ಹೋಗುತ್ತದೆ. ಒಳಗೆ ನೀರು ಎಷ್ಟು ಜಾಸ್ತಿಯೋ ಅಷ್ಟು ಜಾಸ್ತಿ ತೂತು, ಅಷ್ಟು ಜಾಸ್ತಿ ಎಣ್ಣೆ.

ಮೆತ್ತಗಾಗುವುದಕ್ಕೂ ಇದೇ ನೀರು ಕಾರಣ. ಹೊರಗಿನ ಪದರ ಒಣಗಿ ಗರಿಗರಿಯಾಗಿರುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಿರೋ, ಒಳಗಿನ ಹಸಿಯೆಲ್ಲ ಹೊರಗಿನ ಪದರಕ್ಕೆ ಬಂದು ಕೂರುತ್ತದೆ.

ಹಾಗಾಗಿ ಮೊದಲ ಕೆಲಸ ಹಿಂಡುವುದು. ತರಕಾರಿಯನ್ನು ತುರಿದು, ಲೆಕ್ಕದ ಉಪ್ಪನ್ನು ಪೂರ್ತಿ ಹಾಕಿ ಕಲಸಿ, ಕಾಲು ಗಂಟೆ ಬಿಡಿ. ಆಮೇಲೆ ತೆಳ್ಳನೆಯ ಹಳೇ ಪಂಚೆಯ ತುಂಡಿಗೆ ಹಾಕಿ ತಿರುಚಿ ಹಿಂಡಿ. ಬರೀ ಕೈಯಲ್ಲಿ ಹಿಂಡಿದರೆ ಅರ್ಧ ನೀರು ಅಲ್ಲೇ ಉಳಿಯುತ್ತದೆ. ಬಟ್ಟೆ ತಿರುಚುತ್ತಾ ಹೋದ ಹಾಗೆ ಮೊದಲು ಧಾರೆ, ಆಮೇಲೆ ಹನಿ, ಕೊನೆಗೆ ಬೆರಳ ಸಂದಿಯಲ್ಲಿ ಬಿಳಿ ನೊರೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಬಟ್ಟೆ ಬಿಚ್ಚಿದರೆ ತುರಿ ಉದುರು ಉದುರಾಗಿ ಬೀಳಬೇಕು.

ಆ ನೀರನ್ನು ಚೆಲ್ಲಬೇಡಿ. ನೀರಲ್ಲಿ ಕರಗುವ ಸತ್ವವೆಲ್ಲ ಅದರಲ್ಲೇ ಇರುವುದು. ಹಿಟ್ಟು ಕಲಸುವಾಗ ಬೇರೆ ನೀರು ಹಾಕದೆ ಇದನ್ನೇ ಚಮಚದ ಲೆಕ್ಕದಲ್ಲಿ ಹಾಕಿ. ಉಳಿದದ್ದು ರಾತ್ರಿಯ ಸಾರಿಗೆ ಹೋಗಲಿ. ಉಪ್ಪು ಅದರಲ್ಲೇ ಇದೆ ಅನ್ನುವುದು ಮಾತ್ರ ನೆನಪಿರಲಿ. ಮಾವನಿಗೆ ಬಿಪಿ ಅಂದಿರಲ್ಲ, ಮತ್ತೆ ಮೇಲಿಂದ ಉಪ್ಪು ಉದುರಿಸಬೇಡಿ.

30 ಜನಕ್ಕೆ ತಲಾ ಮೂರು ಅಂದರೆ 90 ಬೇಕು. ಆಮೇಲೆ ಊಟ ಇರುವುದರಿಂದ ಇಷ್ಟು ಸಾಕು. ಸೋರೆಕಾಯಿ ಮುಕ್ಕಾಲು ಕಿಲೋ, ಎಲೆಕೋಸು ಅರ್ಧ ಕಿಲೋ, ಕ್ಯಾರೆಟ್ ಅರ್ಧ ಕಿಲೋ, ಈರುಳ್ಳಿ ಕಾಲು ಕಿಲೋ. ಜೊತೆಗೆ ಸಬ್ಬಸಿಗೆ ಸೊಪ್ಪು ಎರಡು ಕಟ್ಟು. ಸಬ್ಬಸಿಗೆಯನ್ನು ಮಾತ್ರ ಬಿಡಬೇಡಿ. ಸೋರೆಕಾಯಿಗೆ ತನ್ನದೇ ರುಚಿ ಅಷ್ಟಾಗಿ ಇಲ್ಲ, ಈ ಸೊಪ್ಪು ಬಿದ್ದರೆ ಮನೆ ತುಂಬಾ ಘಮ. ಉಪ್ಪು ಇಷ್ಟಕ್ಕೆಲ್ಲ ಸೇರಿ ಮೂರು ಸಣ್ಣ ಚಮಚ. ಅಂದರೆ ಸುಮಾರು 15 ಗ್ರಾಂ. ಮೂರು ತಿಂದವರಿಗೆ ಅರ್ಧ ಗ್ರಾಂನಷ್ಟು ಹೋಗುತ್ತದೆ. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆ ಲೆಕ್ಕದಲ್ಲಿ ಇದು ಹಗುರವೇ.

ಹಿಟ್ಟಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೈದಾ ಬೇಡ, ಕಾರ್ನ್‌ಫ್ಲೋರ್ ಕೂಡ ಬೇಡ. ಕಡ್ಲೆಹಿಟ್ಟು 300 ಗ್ರಾಂ, ಅಕ್ಕಿಹಿಟ್ಟು 100 ಗ್ರಾಂ, ಪುಟಾಣಿ ಪುಡಿ 100 ಗ್ರಾಂ. ಕಡ್ಲೆಹಿಟ್ಟಿನಲ್ಲಿ ನೂರಕ್ಕೆ 20ರಷ್ಟು ಪ್ರೊಟೀನ್ ಇದೆ, ರಕ್ತದಲ್ಲಿ ಸಕ್ಕರೆಯನ್ನು ಮೈದಾದಷ್ಟು ಬೇಗ ಏರಿಸುವುದಿಲ್ಲ. ನಿಮ್ಮ ಅತ್ತೆಯವರಿಗೆ ಅದು ಬೇಕಾದದ್ದೇ. ಅಕ್ಕಿಹಿಟ್ಟು ಗರಿಗರಿಗೆ. ಪುಟಾಣಿ ಪುಡಿ ಉಳಿದ ಹಸಿಯನ್ನು ಹೀರಿ ಎಲ್ಲವನ್ನೂ ಹಿಡಿದಿಡುತ್ತದೆ. ಮಂಡಕ್ಕಿಗೆ ಉದುರಿಸಲು ಅಂತ ನಮ್ಮ ಕಡೆ ಮನೆಮನೆಯಲ್ಲೂ ಪುಟಾಣಿ ಪುಡಿ ಇದ್ದೇ ಇರುತ್ತದೆ, ಹೊಸದಾಗಿ ಏನೂ ತರಬೇಕಿಲ್ಲ. ಅಕ್ಕಿಹಿಟ್ಟಿನ ಬದಲು ಚಿತ್ರದುರ್ಗದ ಕಡೆ ಬೆಳೆಯುವ ನವಣೆ ಇಲ್ಲವೇ ಸಾವೆಯ ಹಿಟ್ಟನ್ನೂ ಹಾಕಬಹುದು. ಗರಿ ಒಂಚೂರು ಕಡಿಮೆ, ರುಚಿ ಜಾಸ್ತಿ.

ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಓಂಕಾಳು, ಚಿಟಿಕೆ ಹಿಂಗು ಎಲ್ಲ ನಿಮ್ಮ ಕೈಯಳತೆ. ಮಕ್ಕಳಿಗೆ ಖಾರ ಬೇಡದಿದ್ದರೆ ಮೆಣಸಿನಕಾಯಿ ಹಾಕುವ ಮೊದಲೇ ಅವರ ಪಾಲು ತೆಗೆದಿಟ್ಟು, ಅದಕ್ಕೆ ಒಂದು ಹಿಡಿ ಸ್ವೀಟ್ ಕಾರ್ನ್ ಜಜ್ಜಿ ಸೇರಿಸಿ. ಜಿಲ್ಲೆಯ ಹೊಲದ ತುಂಬಾ ಮೆಕ್ಕೆಜೋಳ ಇರುವಾಗ ಅಂಗಡಿಯಿಂದ ಯಾಕೆ ಅಂತ ಕೇಳಬಹುದು. ಹೊಲದ್ದು ಹೆಚ್ಚಿನ ಪಾಲು ಕೋಳಿ ಮೇವಿಗೂ ಪಿಷ್ಟದ ಕಾರ್ಖಾನೆಗೂ ಹೋಗುವ ಗಟ್ಟಿ ಕಾಳು. ಬಲಿತದ್ದನ್ನು ಇದಕ್ಕೆ ಹಾಕಿದರೆ ಹಲ್ಲಿಗೆ ಕೆಲಸ.

ಸೋಡಾ ಹಾಕಲೇಬೇಡಿ. ಸೋಡಾ ಬಿದ್ದ ಹಿಟ್ಟು ಉಬ್ಬಿ ಜಾಳುಜಾಳಾಗುತ್ತದೆ, ಜಾಳಾದಷ್ಟೂ ಎಣ್ಣೆಗೆ ದಾರಿ. ಅದರಲ್ಲಿ ಸೋಡಿಯಂ ಕೂಡ ಇದೆ, ಬಿಪಿ ಇರುವವರಿಗೆ ಅದು ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ. ಬದಲಿಗೆ ಎರಡು ಚಮಚ ಕಾದ ಎಣ್ಣೆಯನ್ನು ಒಣ ಹಿಟ್ಟಿಗೆ ಹಾಕಿ ಉಜ್ಜಿ.

ಈಗ ಮುಖ್ಯ ವಿಷಯ. ನನ್ನ ಮಾತು ಕೇಳುವುದಾದರೆ ಬಾಣಲೆ ಬಿಟ್ಟು ಪಡ್ಡಿನ ಹಂಚು ತೆಗೆಯಿರಿ. ಬೆಣ್ಣೆ ದೋಸೆಯ ಊರಲ್ಲಿ ಕೂತು ಎಣ್ಣೆ ಕಡಿಮೆ ಮಾಡಿ ಅನ್ನುವುದು ಸ್ವಲ್ಪ ಧೈರ್ಯದ ಕೆಲಸವೇ, ಆದರೂ ಹೇಳುತ್ತೇನೆ. 12 ಗುಂಡಿಯ ಹಂಚಿನಲ್ಲಿ ಗುಂಡಿಗೆ ಕಾಲು ಚಮಚ ಎಣ್ಣೆ, ತಿರುವಿದ ಮೇಲೆ ಸುತ್ತ ಇನ್ನು ಕಾಲು ಚಮಚ. ಒಂದಕ್ಕೆ ಅರ್ಧ ಚಮಚ ಅಂದುಕೊಂಡರೂ 90ಕ್ಕೆ ಕಾಲು ಲೀಟರ್ ಆಗುವುದಿಲ್ಲ. ಮೂರು ತಿಂದವರ ಹೊಟ್ಟೆಗೆ ಒಂದೂವರೆ ಚಮಚ ಎಣ್ಣೆ, ಅಂದರೆ ಸುಮಾರು 60 ಕ್ಯಾಲೊರಿ. ಬಾಣಲೆಯಲ್ಲಿ ಕರಿದರೆ ಎಷ್ಟು ಕುಡಿಯಿತು ಅಂತ ಲೆಕ್ಕ ಇಡಲೂ ಆಗುವುದಿಲ್ಲ. ಜೊತೆಗೆ ಲೀಟರ್‌ಗಟ್ಟಲೆ ಕಾದ ಎಣ್ಣೆ ಉಳಿದು, ಅದನ್ನು ಏನು ಮಾಡುವುದು ಅನ್ನುವ ಚಿಂತೆ ಬೇರೆ.

ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಮಾಡಿ ಗುಂಡಿಗೆ ಹಾಕಿ ಮೆತ್ತಗೆ ಒತ್ತಿ. ಉರಿ ಮಧ್ಯಮ. ಮೊದಲು ಮೂರು ನಾಲ್ಕು ನಿಮಿಷ ಮುಚ್ಚಿಡಿ, ಒಳಗೆ ಬೇಯಬೇಕಲ್ಲ. ತಿರುವಿದ ಮೇಲೆ ಮುಚ್ಚಳ ಬೇಡ, ಮುಚ್ಚಿದರೆ ಆವಿಯೆಲ್ಲ ವಾಪಸ್ ಬಿದ್ದು ಗರಿ ಹೋಗುತ್ತದೆ. ಒಂದು ಒಬ್ಬೆಗೆ ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಒಂದೇ ಹಂಚಿದ್ದರೆ ಒಂದು ಗಂಟೆಗೂ ಜಾಸ್ತಿ ನಿಲ್ಲಬೇಕು. ಪಕ್ಕದ ಮನೆಯಿಂದ ಇನ್ನೊಂದು ಹಂಚು ಕೇಳಿ ತನ್ನಿ, ನಮ್ಮ ಊರಲ್ಲಿ ಪಡ್ಡಿನ ಹಂಚಿಲ್ಲದ ಮನೆ ಹುಡುಕುವುದೇ ಕಷ್ಟ.

ಇನ್ನೂ ಗರಿ ಬೇಕು ಅನ್ನುವವರಿಗೆ ಒಂದು ಉಪಾಯ. ಒಂದು ಬಟ್ಟಲು ಮಂಡಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಕೈಯಲ್ಲೇ ಪುಡಿ ಮಾಡಿ. ತೀರಾ ನುಣ್ಣಗೆ ಬೇಡ, ಚೂರುಚೂರಾಗಿರಲಿ. ಉಂಡೆಯನ್ನು ಅದರಲ್ಲಿ ಉರುಳಿಸಿ ಹಂಚಿಗೆ ಹಾಕಿ. ಬ್ರೆಡ್ ಪುಡಿ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಆದರೆ ಮಂಡಕ್ಕಿ ಹಚ್ಚಿದ್ದನ್ನು ಎಣ್ಣೆಯಲ್ಲಿ ಮುಳುಗಿಸಬೇಡಿ, ಅದು ಚೆನ್ನಾಗಿ ಹೀರಿಬಿಡುತ್ತದೆ.

ಇಲ್ಲ, ಕರಿದೇ ಕೊಡಬೇಕು ಅನ್ನುವುದಾದರೆ ಅದೂ ಸರಿ, ಹಬ್ಬ ವರ್ಷಕ್ಕೊಮ್ಮೆ ಅಲ್ವಾ. ಎಣ್ಣೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಸಾಸಿವೆ ಕಾಳಿನಷ್ಟು ಹಿಟ್ಟು ಹಾಕಿ ನೋಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಕಾದಿಲ್ಲ. ಬಿದ್ದ ಕೂಡಲೇ ಕಪ್ಪಾದರೆ ಮಿತಿಮೀರಿ ಕಾದಿದೆ. ಮುಳುಗಿ ತಕ್ಷಣ ಗುಳ್ಳೆ ಸಮೇತ ಮೇಲೆ ಬಂದರೆ ಹದ. ಒಂದೇ ಸಲ ಬಾಣಲೆ ತುಂಬಾ ಬಿಟ್ಟರೆ ಎಣ್ಣೆ ತಣ್ಣಗಾಗಿ ಎಲ್ಲವೂ ಎಣ್ಣೆಯಲ್ಲಿ ನೆನೆಯುತ್ತವೆ, ಕರಿಯುವುದಿಲ್ಲ. ತೆಗೆದ ಕೂಡಲೇ ತೂತಿನ ಸೌಟನ್ನು ಬಾಣಲೆಯ ಅಂಚಿಗೆ ಎರಡು ಮೂರು ಸಲ ಕುಟ್ಟಿ. ಮೇಲಿನ ಎಣ್ಣೆ ಒಳಗೆ ಇಳಿಯುವ ಮೊದಲೇ ಜಾರಬೇಕು. ಆಮೇಲೆ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ, ರಾಶಿ ಹಾಕಬೇಡಿ.

ಪೇಪರ್ ಮೇಲೆ ಹಾಕುವ ಅಭ್ಯಾಸ ನಮಗೆಲ್ಲ ಇದೆ. ಮಿರ್ಚಿ ಮಂಡಕ್ಕಿಯನ್ನು ಹಳೇ ದಿನಪತ್ರಿಕೆಯಲ್ಲಿ ಕಟ್ಟಿಸಿಕೊಂಡು ತಿಂದವರೇ ಎಲ್ಲರೂ. ಆದರೆ ಅಚ್ಚಿನ ಶಾಯಿ ಬಿಸಿ ಎಣ್ಣೆಗೆ ಬಿಡುತ್ತದೆ. ದಿನಪತ್ರಿಕೆಯಲ್ಲಿ ತಿಂಡಿ ಸುತ್ತುವುದು, ಎಣ್ಣೆ ಹೀರಿಸುವುದು ಬೇಡ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ಕರಿಯಲು ಗಾಣದ ಶೇಂಗಾ ಎಣ್ಣೆಯೇ ಒಳ್ಳೆಯದಾ ಅಂತ ಬಹಳ ಜನ ಕೇಳುತ್ತಾರೆ. ಪಡ್ಡಿನ ಹಂಚಿಗೆ ಅದಕ್ಕಿಂತ ರುಚಿಯಾದದ್ದು ಇಲ್ಲ. ಆದರೆ ಶುದ್ಧೀಕರಿಸದ ಎಣ್ಣೆ ಬೇಗ ಹೊಗೆಯಾಡುತ್ತದೆ. ಬಾಣಲೆ ತುಂಬಾ ಗಂಟೆಗಟ್ಟಲೆ ಕಾಯಿಸುವುದಾದರೆ ರಿಫೈನ್ಡ್ ಶೇಂಗಾ ಎಣ್ಣೆ ವಾಸಿ. ಉಳಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಒಗ್ಗರಣೆಗೆ ಖರ್ಚು ಮಾಡಿ, ಮತ್ತೆ ಕರಿಯಲು ಇಡಬೇಡಿ. ಪದೇ ಪದೇ ಕಾಯಿಸಿದ ಎಣ್ಣೆ ಕೆಡುತ್ತದೆ. ಹೋಟೆಲುಗಳಿಗೂ ಇದಕ್ಕೆ ಮಿತಿ ಇದೆ: ಕೆಟ್ಟ ಅಂಶ 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸಬಾರದು ಅನ್ನುವ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವವರು ಯಾರು? ಬಣ್ಣ ಕಪ್ಪಾಗಿ, ಅಂಟಂಟಾಗಿ, ನೊರೆ ಬಂದರೆ ಸಾಕು, ಮುಗಿಯಿತು ಅಂತ ತಿಳಿಯಿರಿ.

ಮೊದಲೇ ಮಾಡಿಡುವುದು ಹೇಗೆ ಅಂದಿರಿ. ಬೆಳಗ್ಗೆ ತುರಿದು ಹಿಂಡಿ, ತುರಿ ಒಂದು ಡಬ್ಬಿಗೆ, ನೀರು ಇನ್ನೊಂದಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಹಿಟ್ಟು, ಮಸಾಲೆ ಒಣದಾಗಿಯೇ ಬೆರೆಸಿಡಿ. ಮಧ್ಯಾಹ್ನ ಊಟ ಮುಗಿದ ಮೇಲೆ ಎರಡನ್ನೂ ಕಲಸಿ ಪಡ್ಡಿನ ಹಂಚಿನಲ್ಲಿ ತಿಳಿ ಕಂದು ಬಣ್ಣಕ್ಕೆ ಬೇಯಿಸಿ. ಪೂರ್ತಿ ಕೆಂಪಗೆ ಮಾಡಬೇಡಿ. ಜಾಲರಿಯ ಮೇಲೆ ಆರಿಸಿ, ಎರಡು ಗಂಟೆಗಿಂತ ಜಾಸ್ತಿ ಇಡುವುದಿದ್ದರೆ ಫ್ರಿಜ್‌ಗೆ ಹಾಕಿ. ನಮ್ಮ ಬಿಸಿಲಿಗೆ ಬೇಯಿಸಿದ ತರಕಾರಿಯನ್ನು ಹೊರಗೆ ಬಿಡುವ ಹಾಗಿಲ್ಲ. ನೆಂಟರು ಬಂದು ಕೂತ ಮೇಲೆ ದೋಸೆ ಹಂಚಿನ ಮೇಲೆ ಎಣ್ಣೆ ಹಾಕದೆ ಎರಡೂ ಕಡೆ ಕೆಂಪಗೆ ಮಾಡಿ. ಓವನ್ ಅಥವಾ ಏರ್‌ಫ್ರೈಯರ್ ಇದ್ದರೆ 180 ಡಿಗ್ರಿಗೆ ಐದಾರು ನಿಮಿಷ. ಮೈಕ್ರೋವೇವ್ ಮಾತ್ರ ಬೇಡ. ಒಳಗಿನ ಹಸಿಯನ್ನೆಲ್ಲ ಹೊರಗೆ ತಂದು, ಬೆಳಗ್ಗೆಯಿಂದ ಹಿಂಡಿದ್ದನ್ನು ವ್ಯರ್ಥ ಮಾಡುತ್ತದೆ.

ನಂಚಿಕೊಳ್ಳಲು ಬಾಟಲಿ ಸಾಸ್ ಇಡಬೇಡಿ, ಅದರಲ್ಲಿ ಸಕ್ಕರೆಯೂ ಉಪ್ಪೂ ಜಾಸ್ತಿ. ಪುದಿನ, ಕೊತ್ತಂಬರಿ, ಒಂದು ಹಿಡಿ ಪುಟಾಣಿ ಹಾಕಿ ರುಬ್ಬಿ ಗಟ್ಟಿ ಮೊಸರಿಗೆ ಕಲಸಿದರೆ ಮುಗಿಯಿತು. ಶೇಂಗಾ ಚಟ್ನಿಯೂ ಚೆನ್ನಾಗಿರುತ್ತದೆ, ಆದರೆ ಹುಟ್ಟುಹಬ್ಬಕ್ಕೆ ಬರುವ ಮಕ್ಕಳಲ್ಲಿ ಯಾರಿಗಾದರೂ ಶೇಂಗಾ ಆಗುವುದಿಲ್ಲವಾ ಅಂತ ಮೊದಲೇ ಅವರ ಮನೆಯವರನ್ನು ಕೇಳಿ. ಆಗಿಬರದವರಿದ್ದರೆ ಎಣ್ಣೆಯೂ ಬದಲಾಗಬೇಕು, ಸೂರ್ಯಕಾಂತಿ ಎಣ್ಣೆ ಬಳಸಿ.

ಇನ್ನು ಮಿರ್ಚಿ. ದಾವಣಗೆರೆಯಲ್ಲಿ ಹುಟ್ಟುಹಬ್ಬ ಅಂದ ಮೇಲೆ ಯಾರಾದರೊಬ್ಬರು ಮಿರ್ಚಿ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ. ಖಾರ ಮಂಡಕ್ಕಿಯ ದೊಡ್ಡ ಪಾತ್ರೆ ಒಂದನ್ನು ಪಕ್ಕದಲ್ಲಿಟ್ಟು, ಮಿರ್ಚಿಯ ಜಾಗದಲ್ಲಿ ಈ ತರಕಾರಿ ಉಂಡೆ ಕೊಡಿ. ಮಂಡಕ್ಕಿಯೇ ಹೊಟ್ಟೆ ತುಂಬಿಸುವುದರಿಂದ ಮೂರು ಸಾಕಾಗುತ್ತದೆ, ಕೇಳಿದವರೂ ಸುಮ್ನಾಗುತ್ತಾರೆ. ಅತ್ತೆಯವರ ತಟ್ಟೆಗೆ ಮಂಡಕ್ಕಿ ಕಡಿಮೆ, ಉಂಡೆ ಮೂರು ಪೂರ್ತಿ ಹಾಕಿ. ಮಂಡಕ್ಕಿ ತಿನ್ನಲು ಹಗುರ, ಆದರೆ ಸಕ್ಕರೆ ಬೇಗ ಏರಿಸುವುದರಲ್ಲಿ ಅದು ಮುಂದು.

ಮಾರನೆಯ ದಿನ ಹತ್ತು ಹದಿನೈದು ಉಳಿದಿದ್ದರೆ ಮಜ್ಜಿಗೆ ಹುಳಿ ಕುದಿಯುವ ಹೊತ್ತಿಗೆ ಅದಕ್ಕೆ ಹಾಕಿ ಒಲೆ ಆರಿಸಿ. ಅಲ್ಲಿ ಮೆತ್ತಗಾದರೇನೇ ಚೆನ್ನ.